ಮೊಬೈಲು, ಮಿದುಳು ಮತ್ತು ಗಂಡಸರ ಲೈಂಗಿಕ ಆರೋಗ್ಯ



ಗಂಡಸರ ಲೈಂಗಿಕ ಆರೋಗ್ಯದಂಥ ವಿಷಯವನ್ನು ಸಭೆಯಲ್ಲಿ ಮಾತಾಡಬೇಕೇ ಎಂದು ಕೆಲವರು ಕೇಳಿದರು. ವೈದ್ಯೆ, ಲೇಖಕಿ ಅನುಪಮಾ ನಿರಂಜನ ಅವರು ‘ದಾಂಪತ್ಯ ದೀಪಿಕೆ’ ಬರೆದು ದಶಕಗಳೇ ಕಳೆದರೂ ನಾವು ಬಾಯಿ ಬಿಡುವುದಿಲ್ಲ. ನಮ್ಮ ಬದಲು ಬಸ್‌ಸ್ಟ್ಯಾಂಡಿನ ಗೋಡೆಗಳು ‘ನರದೌರ್ಬಲ್ಯಕ್ಕೆ ಖಚಿತ ಚಿಕಿತ್ಸೆ’ ಎಂದು ಮಾತಾಡುತ್ತಿವೆ.

ಅಟ್ಟದಿಂದ ಕಾಯಿ ಇಳಿಸಿ ಕೊಬ್ಬರಿ ಸುಲಿಯುವ ಹುಡುಗನೊಬ್ಬ, ಮದುವೆ ನಿಶ್ಚಯವಾದವನು, ಎಲ್ಲ ರೋಗಿಗಳೂ ಹೋಗುವ ತನಕ ನನ್ನ ಕ್ಲಿನಿಕ್ಕಿನ ಹೊರಗೇ ಕಾದಿದ್ದು ಕೇಳಿದ: ‘ಸಾರ್, ಮೊಬೈಲ್ ನೋಡೀ ನೋಡೀ ನರ ಸತ್ತೋಗೈತಾ?’

‘ಬೆಳಿಗ್ಗೆ ಏಳುವಾಗ ಹೇಗಿರುತ್ತಪ್ಪ?’

‘ಅವಾಗ ಸರಿಯಾಗೇ ಇರ್ತೈತೆ ಸಾರ್.’

ಅರ್ಧ ರೋಗನಿರ್ಣಯ ಅಲ್ಲೇ ಆಯಿತು. ಬೆಳಗಿನ ಜಾವ ನಿಮಿರುವಿಕೆ ಇದ್ದರೆ ನರ, ರಕ್ತನಾಳಗಳು ಬಹುಮಟ್ಟಿಗೆ ಸರಿಯಾಗಿವೆ. ತೊಡಕು ಹೆಚ್ಚಾಗಿ ಮನಸ್ಸಿನದು.

ಹಾಗಾದರೆ ಮೊಬೈಲಿನ ಪಾತ್ರವೇನು? ಮಿದುಳಿನ ಡೋಪಮಿನ್ ಎಂಬ ರಾಸಾಯನಿಕ ಸುಖಕ್ಕಿಂತ ಬಯಕೆಗೆ, ನಿರೀಕ್ಷೆಗೆ ಸೇರಿದ್ದು. ಹೊಸದು ಕಂಡರೆ ಚುರುಕಾಗುತ್ತದೆ. ಬೆರಳು ಸರಿಸಿದಂತೆಲ್ಲ ಹೊಸ ದೃಶ್ಯ ಬರುವ ಪರದೆಗೆ ಒಗ್ಗಿದವನಿಗೆ ಸಂಗಾತಿಯ ಜೊತೆ ಉದ್ರೇಕ ತಡವಾಗಬಹುದು. ಆದರೆ ಅಶ್ಲೀಲ ವಿಡಿಯೊದಿಂದಲೇ ನಿಮಿರು ದೌರ್ಬಲ್ಯ ಬರುತ್ತದೆಂದು ಸಾಬೀತಾಗಿಲ್ಲ. ಕೆಲವು ಅಧ್ಯಯನಗಳು ನಂಟು ಕಂಡಿವೆ, ಕೆಲವು ಕಂಡಿಲ್ಲ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ, ಹಿಡಿತ ತಪ್ಪಿದ ಲೈಂಗಿಕ ವರ್ತನೆಯನ್ನು ಕಾಯಿಲೆಯೆಂದು ಗುರುತಿಸಿದೆ. ಬರೀ ಪಾಪಪ್ರಜ್ಞೆ ಇದೆಯೆಂದು ಆ ಹಣೆಪಟ್ಟಿ ಹಚ್ಚಬೇಡಿ ಎಂದೂ ಹೇಳಿದೆ.

ಹೆದರಿಕೆಯ ಪಾತ್ರ ಇನ್ನೂ ದೊಡ್ಡದು. ಉದ್ರೇಕವಾದಾಗ ನರತುದಿಗಳಿಂದ ಹೊಮ್ಮುವ ನೈಟ್ರಿಕ್ ಆಕ್ಸೈಡ್ ರಕ್ತನಾಳಗಳನ್ನು ಸಡಿಲಿಸುತ್ತದೆ. ‘ಆಗುತ್ತೋ ಇಲ್ಲವೋ’ ಎಂಬ ಅಂಜಿಕೆಯಲ್ಲಿ ಏರುವ ಅಡ್ರಿನಲಿನ್ ಅವನ್ನೇ ಬಿಗಿಯುತ್ತದೆ. ಒಂದು ಸಲ ಸೋತವನು ಮುಂದಿನ ಸಲ ಅಂಜಿಯೇ ಸೋಲುತ್ತಾನೆ. ಇಂಥದೇ ಇನ್ನೊಂದು ಹೆದರಿಕೆ, ಧಾತು ಅಂದರೆ ವೀರ್ಯ ಹೋಗಿ ಶಕ್ತಿ ಕುಂದಿತೆಂಬ ಕೊರಗು. ಅದನ್ನು ಮನೋವೈದ್ಯ ಡಾ. ಎನ್. ಎನ್. ವಿಗ್ 1960ರಲ್ಲೇ ‘ಧಾತ್ ಸಿಂಡ್ರೋಮ್’ ಎಂದು ಕರೆದರು. ವೀರ್ಯ ಹೋದರೆ ಶಕ್ತಿಯೂ ಹೋಗುವುದಿಲ್ಲ, ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನೂ ಬತ್ತುವುದಿಲ್ಲ.

ಆ ಹಾರ್ಮೋನು ಆಸೆಗೆ ಬೇಕು. ಬೆಳಿಗ್ಗೆ ಅದರ ಮಟ್ಟ ಹೆಚ್ಚು. ಆದ್ದರಿಂದ ಪರೀಕ್ಷೆಗೆ ರಕ್ತ ಕೊಡಬೇಕಾದದ್ದು ಆಗಲೇ, ಕಡಿಮೆ ಕಂಡರೆ ಇನ್ನೊಂದು ದಿನ ಮತ್ತೆ. ಉಂಡೆ ಕೊಬ್ಬರಿ ಕೊಳ್ಳುವವನೇ ಒಡೆದು ನೋಡದೆ ಬೆಲೆ ಕಟ್ಟುವುದಿಲ್ಲ. ಪರೀಕ್ಷೆಯಿಲ್ಲದೆ ಹಾರ್ಮೋನ್ ಇಂಜೆಕ್ಷನ್ ಏಕೆ? ಅದರಿಂದ ವೀರ್ಯಾಣು ಉತ್ಪತ್ತಿಯೇ ಕುಸಿಯುತ್ತದೆ. ಮಗು ಬೇಕೆಂದವನಿಗೆ ಎರಡು ಪಟ್ಟು ನಷ್ಟ.

ನಲವತ್ತೈದು ದಾಟಿದ, ಬೀಡಿ ಸೇದುವ, ಶುಗರ್ ಇರುವ ಯಜಮಾನರ ಲೆಕ್ಕ ಬೇರೆ. ಶಿಶ್ನದ ರಕ್ತನಾಳ ಹೃದಯದ ರಕ್ತನಾಳಕ್ಕಿಂತ ಸಣ್ಣದು. ಕಟ್ಟಿಕೊಳ್ಳುವ ಕಾಯಿಲೆ ಅಲ್ಲಿ ಮೊದಲು ತೋರಬಹುದು, ಕೆಲ ವರ್ಷಗಳ ನಂತರ ಎದೆಯಲ್ಲಿ. ಎದೆನೋವಿಗೆ ನೈಟ್ರೇಟ್ ಮಾತ್ರೆ ತಿನ್ನುವವರು ಮೆಡಿಕಲ್ ಶಾಪಿನಿಂದ ನಿಮಿರುವಿಕೆಯ ಮಾತ್ರೆ ಸಿಲ್ಡೆನಾಫಿಲ್ ತಂದು ನುಂಗಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯ.

ಕೊಬ್ಬರಿ ಸುಲಿಯುವ ಆ ಹುಡುಗನಿಗೆ ನಾನು ಮಾತ್ರೆ ಬರೆಯಲಿಲ್ಲ. ಹಾಸಿಗೆಯಿಂದ ಮೊಬೈಲ್ ದೂರವಿಡು, ಸರಿಯಾಗಿ ನಿದ್ದೆ ಮಾಡು, ಮದುವೆಯಾದ ಮೇಲೂ ತೊಂದರೆಯಿದ್ದರೆ ಇಬ್ಬರೂ ಬನ್ನಿ ಎಂದೆ. ಮೊಬೈಲ್ ಬಿಡಲಾಗದವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ‘ಶಟ್’ ಕ್ಲಿನಿಕ್ ಇದೆ. ಮನೆಯಿಂದಲೇ ಮಾತಾಡಲು ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416 ಇದೆ. ಶುಗರ್, ಬಿಪಿಗೆಂದು ಆಸ್ಪತ್ರೆಗೆ ಹೋದಾಗ ಈ ತೊಂದರೆಯನ್ನೂ ಹೇಳಿ. ವೈದ್ಯರು ಕೇಳದಿದ್ದರೆ ನೀವೇ ಬಾಯಿ ಬಿಡಿ.