ಪಟ್ಟಿ ಹೇಳುವ ಮೊದಲು ನಾವೇ ಹೇಳೋಣ

(ಹಾಲು ಉತ್ಪಾದಕ ಸದಸ್ಯರ ತರಬೇತಿ ಶಿಬಿರದಲ್ಲಿ ಒಕ್ಕೂಟದ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣದ ಬರಹ ರೂಪ)



ಬೆಳಗಿನ ಹಾಲು ಹಾಕಿ, ರಾಸುಗಳಿಗೆ ಮೇವು ನೀರು ಕೊಟ್ಟು, ಮನೆಗೆಲಸ ಅರ್ಧಕ್ಕೆ ಬಿಟ್ಟು ಇಲ್ಲಿಗೆ ಬಂದಿದ್ದೀರಿ. ಸಂಜೆ ಹಾಲು ಕರೆಯುವ ಹೊತ್ತಿಗೆ ನೀವು ಮನೆ ಸೇರಬೇಕು. ಆದ್ದರಿಂದ ಒಂದೇ ವಿಷಯ ಹೇಳಿ ಮುಗಿಸುತ್ತೇನೆ. ಹಾಲಿನಲ್ಲಿ ಏನಿದೆ, ಏನಿರಬಾರದು ಎಂಬುದನ್ನು ನಿಮಿಷಗಳಲ್ಲಿ ತಿಳಿಸುವ ಸಾಧನಗಳು ಈಗ ಬಂದಿವೆ. ಅವು ಕೆಲಸ ಮಾಡುವುದು ಹೇಗೆ, ಅವುಗಳನ್ನು ಕಾಪಾಡಿಕೊಳ್ಳುವುದು ಹೇಗೆ, ಅವು ಬಾಯಿ ಬಿಡುವ ಮೊದಲು ನಾವು ಮಾಡಬೇಕಾದದ್ದೇನು ಎಂಬುದೇ ಇಂದಿನ ಮಾತು.

ಮೊದಲು ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳುತ್ತೇನೆ.

ನಾನು ಸೇವೆಗೆ ಸೇರಿದ ಹೊಸತು. ಒಂದು ಹಳ್ಳಿಯಲ್ಲಿ ಒಬ್ಬ ತಾಯಿಯ ಮಿಶ್ರತಳಿ ಹಸುವಿಗೆ ಕೆಚ್ಚಲು ಬಾವು ಬಂದಿತ್ತು. ಗಂಡನಿಲ್ಲದ ಸಂಸಾರ, ಇದ್ದದ್ದು ಅದೊಂದೇ ಹಸು. ಕತ್ತಲಾಗುವ ಹೊತ್ತಿಗೆ ಹೋಗಿ, ಬಾವು ಬಂದ ಮೊಲೆಗೆ ಆಂಟಿಬಯೋಟಿಕ್ ಟ್ಯೂಬು ಏರಿಸಿದೆ. ಇನ್ನೆರಡು ಟ್ಯೂಬು ಕೈಗೆ ಕೊಟ್ಟು, ದಿನಕ್ಕೊಂದರಂತೆ ಏರಿಸಲು ತಿಳಿಸಿದೆ. ಪಕ್ಕದ ಊರಿನಲ್ಲಿ ಕರು ಅಡ್ಡ ಸಿಕ್ಕಿಕೊಂಡ ಎಮ್ಮೆ ಕಾಯುತ್ತಿತ್ತು, ಓಡಿದೆ. ಹಾಲು ಹಾಕಬೇಡಿ ಎಂಬ ಮಾತು ಮಾತ್ರ ನನ್ನ ಬಾಯಿಂದ ಬರಲಿಲ್ಲ.

ಆಕೆ ಬಾವು ಬಂದ ಮೊಲೆಯ ಹಾಲನ್ನು ತಾನಾಗಿಯೇ ಚೆಲ್ಲಿದಳು. ಉಳಿದ ಮೂರು ಮೊಲೆಗಳ ಹಾಲು ನೋಡಲು ಚೆನ್ನಾಗಿಯೇ ಇತ್ತು, ಅದನ್ನು ಎಂದಿನಂತೆ ಸಂಘಕ್ಕೆ ಹಾಕಿದಳು. ಆ ಹಾಲು ಮುಂದಿನ ಹಂತದ ಪರೀಕ್ಷೆಯಲ್ಲಿ ಸಿಕ್ಕಿಬಿತ್ತು. ಅಲ್ಲಿಂದ ಸಂಘಕ್ಕೆ, ಸಂಘದಿಂದ ಸದಸ್ಯರ ಕ್ಯಾನಿಗೆ ಹುಡುಕಿಕೊಂಡು ಬಂದಾಗ ಆಕೆಯ ಸಂಖ್ಯೆ ಹೊರಬಿತ್ತು. ಅಂದು ಇಡೀ ಸಂಘದ ಹಾಲು ತಿರಸ್ಕಾರವಾಯಿತು. ಊರಿನವರೆಲ್ಲ ಆಕೆಯ ಮೇಲೆ ಮುಗಿಬಿದ್ದರು. ಸುದ್ದಿ ತಿಳಿದು ನಾನು ಸಂಘಕ್ಕೆ ಹೋಗಿ, ತಪ್ಪು ನನ್ನದು ಎಂದು ಎಲ್ಲರೆದುರು ಹೇಳಿದೆ. ಅಷ್ಟರಲ್ಲಿ ಆಕೆ ಮೂರು ದಿನದಿಂದ ಸಂಘದ ಮೆಟ್ಟಿಲು ಹತ್ತಿರಲಿಲ್ಲ. ಮನೆಗೆ ಹೋದಾಗ ಒಂದೇ ಮಾತು ಅಂದಳು: "ಡಾಕ್ಟ್ರೇ, ಚೆಲ್ಲಮ್ಮ ಅಂದಿದ್ರೆ ಚೆಲ್ತಿದ್ದೆ. ನೀವು ಅನ್ನಲಿಲ್ಲವಲ್ಲ."

ಅಂದಿನಿಂದ ಟ್ಯೂಬು ಅಥವಾ ಇಂಜೆಕ್ಷನ್ ಕೊಟ್ಟ ಮೇಲೆ ಆ ಮಾತು ಹೇಳದೆ ನಾನು ಕೊಟ್ಟಿಗೆ ಬಿಟ್ಟು ಹೊರಟಿಲ್ಲ.

ಹಾಲಿನ ಪರೀಕ್ಷೆ ಹೊಸದೇನಲ್ಲ. 1890ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಬ್ಯಾಬ್‌ಕಾಕ್ ಎಂಬ ವಿಜ್ಞಾನಿ ಹಾಲಿನ ಜಿಡ್ಡನ್ನು ಅಳೆಯುವ ಸುಲಭ ವಿಧಾನ ಕಂಡುಹಿಡಿದರು. ಅದಕ್ಕೆ ಹಕ್ಕುಪತ್ರ ಪಡೆಯದೆ ಎಲ್ಲರಿಗೂ ಬಿಟ್ಟುಕೊಟ್ಟರು. ಅದೇ ಸುಮಾರಿಗೆ ಸ್ವಿಟ್ಜರ್‌ಲೆಂಡಿನ ಗರ್ಬರ್ ಅವರು ಇನ್ನೊಂದು ವಿಧಾನ ರೂಪಿಸಿದರು. ಗಂಧಕಾಮ್ಲ ಮತ್ತು ಅಮೈಲ್ ಆಲ್ಕೊಹಾಲ್ ಹಾಕಿ ಬುಡ್ಡಿಯನ್ನು ತಿರುಗಿಸುವ ಆ ಪರೀಕ್ಷೆ ನಮ್ಮ ಹಳೆಯ ಪರೀಕ್ಷಕರಿಗೆ ಚಿರಪರಿಚಿತ. ನೀರು ಬೆರೆಸಿದವನಿಗೂ ಗಟ್ಟಿ ಹಾಲು ತಂದವನಿಗೂ ಒಂದೇ ದರ ಸಿಗುತ್ತಿದ್ದ ಅನ್ಯಾಯ ಇಂಥ ಪರೀಕ್ಷೆಗಳಿಂದ ನಿಂತಿತು. ಪರೀಕ್ಷೆ ಎಂದರೆ ರೈತನ ಮೇಲಿನ ಅನುಮಾನವಲ್ಲ, ಪ್ರಾಮಾಣಿಕ ರೈತನ ಪರವಾದ ಸಾಕ್ಷಿ. ಇದನ್ನು ನೆನಪಿಡಿ.

ಆಂಟಿಬಯೋಟಿಕ್‌ಗಳು ಬಂದ ಮೇಲೆ ಹೊಸ ತೊಡಕು ಹುಟ್ಟಿತು. 1928ರಲ್ಲಿ ಫ್ಲೆಮಿಂಗ್ ಅವರು ಪೆನಿಸಿಲಿನ್ ಕಂಡುಹಿಡಿದರು. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಅದು ಹಸುವಿನ ಕೆಚ್ಚಲು ಬಾವಿಗೂ ಬಳಕೆಯಾಗತೊಡಗಿತು. ರಾಸು ಉಳಿಯಿತು, ಆದರೆ ಡೇರಿಗಳಲ್ಲಿ ಮೊಸರು ಹೆಪ್ಪುಗಟ್ಟದಾಯಿತು, ಚೀಸ್ ಕೆಟ್ಟಿತು. ಕಾರಣ ಸರಳ. ಹಾಲನ್ನು ಮೊಸರು ಮಾಡುವುದೂ ಒಂದು ಬಗೆಯ ಸೂಕ್ಷ್ಮಾಣು. ರೋಗದ ಸೂಕ್ಷ್ಮಾಣುವನ್ನು ಕೊಲ್ಲುವ ಔಷಧಿ ಇದನ್ನೂ ಬಿಡುವುದಿಲ್ಲ.

ಈ ಗುಣವನ್ನೇ ಹಿಡಿದು 1970ರ ದಶಕದಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಒಂದು ಪರೀಕ್ಷೆ ತಯಾರಾಯಿತು. ಶಾಖದಲ್ಲಿ ಬೆಳೆಯುವ ಸೂಕ್ಷ್ಮಾಣುವನ್ನು ನೇರಳೆ ಬಣ್ಣದ ಆಹಾರದಲ್ಲಿಟ್ಟು, ಅದರ ಮೇಲೆ ಹಾಲು ಹಾಕಿ, ಸುಮಾರು 64 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಇಡುತ್ತಾರೆ. ಹಾಲು ಶುದ್ಧವಾಗಿದ್ದರೆ ಸೂಕ್ಷ್ಮಾಣು ಬೆಳೆದು, ಆಮ್ಲ ಉತ್ಪತ್ತಿಯಾಗಿ, ನೇರಳೆ ಹೋಗಿ ಹಳದಿಯಾಗುತ್ತದೆ. ಔಷಧಿ ಇದ್ದರೆ ನೇರಳೆ ಹಾಗೆಯೇ ಉಳಿಯುತ್ತದೆ. ಒಳ್ಳೆಯ ಪರೀಕ್ಷೆಯೇ, ಆದರೆ ಫಲಿತಾಂಶಕ್ಕೆ ಎರಡೂವರೆ ಮೂರು ಗಂಟೆ ಬೇಕು. ಟ್ಯಾಂಕರನ್ನು ಅಷ್ಟು ಹೊತ್ತು ಗೇಟಿನಲ್ಲಿ ನಿಲ್ಲಿಸಲಾಗುವುದೇ?

ಅದಕ್ಕೆ ಉತ್ತರವಾಗಿ ಬಂದದ್ದು ಪಟ್ಟಿ ಪರೀಕ್ಷೆ. ಇದು ಹೆಚ್ಚೆಂದರೆ ಹತ್ತು ನಿಮಿಷದ ಕೆಲಸ. ಮನೆಯಲ್ಲಿ ಬಸಿರು ಪರೀಕ್ಷೆ ಮಾಡುವ ಪಟ್ಟಿಯನ್ನು ನಮ್ಮ ಹೆಣ್ಣುಮಕ್ಕಳು ನೋಡಿರುತ್ತಾರೆ. ಇದೂ ಅದೇ ಜಾತಿಯದು. ಇದರಲ್ಲಿ ಚಿನ್ನದ ಅತಿ ಸೂಕ್ಷ್ಮ ಕಣಗಳಿರುತ್ತವೆ. ಅಷ್ಟು ಸಣ್ಣದಾದಾಗ ಚಿನ್ನ ಹಳದಿಯಾಗಿ ಕಾಣುವುದಿಲ್ಲ, ಕೆಂಪಾಗಿ ಕಾಣುತ್ತದೆ. ಔಷಧಿಯನ್ನು ಹಿಡಿಯುವ ಕೊಂಡಿಗಳನ್ನು ಈ ಕಣಗಳಿಗೆ ಕಟ್ಟಿರುತ್ತಾರೆ. ಹಾಲಿನಲ್ಲಿ ಔಷಧಿ ಇಲ್ಲದಿದ್ದರೆ ಖಾಲಿ ಕೊಂಡಿಗಳು ಪಟ್ಟಿಯ ಮೇಲಿನ ಪರೀಕ್ಷಾ ಗೆರೆಗೆ ಅಂಟಿಕೊಂಡು ಗೆರೆ ಕೆಂಪಾಗುತ್ತದೆ. ಔಷಧಿ ಇದ್ದರೆ ಕೊಂಡಿಗಳು ದಾರಿಯಲ್ಲೇ ತುಂಬಿಹೋಗಿ ಗೆರೆ ಮಸುಕಾಗುತ್ತದೆ ಅಥವಾ ಮೂಡುವುದೇ ಇಲ್ಲ. ಹಾಗಾಗಿ ಬಸಿರು ಪಟ್ಟಿಯ ಲೆಕ್ಕ ಇಲ್ಲಿ ತಿರುಗುಮುರುಗು. ಅಲ್ಲಿ ಗೆರೆ ಮೂಡಿದರೆ ಸುದ್ದಿ, ಇಲ್ಲಿ ಗೆರೆ ಮೂಡದಿದ್ದರೆ ಸುದ್ದಿ! ಪಕ್ಕದಲ್ಲಿ ಇನ್ನೊಂದು ಗೆರೆ ಇರುತ್ತದೆ. ಅದು ಪಟ್ಟಿ ಕೆಲಸ ಮಾಡುತ್ತಿದೆ ಎಂಬುದಕ್ಕೆ ಗುರುತು. ಅದೇ ಮೂಡದಿದ್ದರೆ ಪಟ್ಟಿ ಕೆಟ್ಟಿದೆ ಎಂದರ್ಥ, ಆ ಫಲಿತಾಂಶ ನಂಬಬೇಡಿ.

ಒಂದು ಹಸುವಿನ ಹಾಲು ಟ್ಯಾಂಕರಿನಲ್ಲಿ ಯಾರಿಗೆ ಗೊತ್ತಾಗುತ್ತದೆ ಎಂದು ಕೆಲವರು ಕೇಳುತ್ತಾರೆ. ಲೆಕ್ಕ ಮಾಡೋಣ. ಹಾಲಿನಲ್ಲಿ ಅಮಾಕ್ಸಿಸಿಲಿನ್ ಔಷಧಿಯ ಮಿತಿ ಕಿಲೋಗೆ 4 ಮೈಕ್ರೋಗ್ರಾಂ. ಒಂದು ಗ್ರಾಮನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರೋಗ್ರಾಂ. ಈ ಲೆಕ್ಕದಲ್ಲಿ 10,000 ಲೀಟರಿನ ಟ್ಯಾಂಕರ್ ಮಿತಿ ಮುಟ್ಟಲು ಸುಮಾರು 40 ಮಿಲಿಗ್ರಾಂ ಸಾಕು. ಒಂದು ಟ್ಯೂಬಿನಲ್ಲಿ 200 ಮಿಲಿಗ್ರಾಂ ಇದ್ದರೆ, ಅದರ ಐದನೆಯ ಒಂದು ಪಾಲು ಹಾಲಿಗೆ ಇಳಿದರೂ ಇಡೀ ಟ್ಯಾಂಕರ್ ಅಂಚಿಗೆ ಬಂದು ನಿಂತಿತು. ಕೊಡ ಹಾಲಿಗೆ ತೊಟ್ಟು ಹುಳಿ ಎಂದು ಹಿರಿಯರು ಹೇಳಿದ್ದು ಇದನ್ನೇ.

ಕಾಯಿಸಿದರೆ ಔಷಧಿ ಹೋಗುತ್ತದೆ ಎಂಬ ನಂಬಿಕೆಯೂ ಇದೆ. ಅದು ತಪ್ಪು. ಕುದಿಸಿದರೂ ಬಹುಪಾಲು ಉಳಿದೇ ಇರುತ್ತದೆ. ಪೆನಿಸಿಲಿನ್ ಆಗದವರಿಗೆ ಇಂಥ ಹಾಲಿನಿಂದ ಮೈಮೇಲೆ ಗಂಧೆ ಏಳಬಹುದು. ಅದಕ್ಕಿಂತ ದೊಡ್ಡ ಅಪಾಯವೆಂದರೆ ಸಣ್ಣ ಪ್ರಮಾಣದ ಔಷಧಿಗೆ ರೋಗಾಣುಗಳು ಒಗ್ಗಿಕೊಳ್ಳುವುದು. ನಾಳೆ ನಮ್ಮ ಮಗುವಿಗೆ ಜ್ವರ ಬಂದಾಗ ಅದೇ ಔಷಧಿ ನಾಟದೆ ಹೋಗಬಹುದು.

ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2018ರಲ್ಲಿ ದೇಶಾದ್ಯಂತ 6,432 ಹಾಲಿನ ಮಾದರಿಗಳನ್ನು ಪರೀಕ್ಷಿಸಿತು. ಹಾಲನ್ನು ಅಪಾಯಕಾರಿಯಾಗಿಸುವ ಕಲಬೆರಕೆ ಸಿಕ್ಕಿದ್ದು 12 ಮಾದರಿಗಳಲ್ಲಿ ಮಾತ್ರ. ಮಿತಿ ಮೀರಿದ ಆಂಟಿಬಯೋಟಿಕ್ ಸಿಕ್ಕಿದ್ದು 77ರಲ್ಲಿ. ಬೂಷ್ಟಿನ ವಿಷವಾದ ಅಫ್ಲಾಟಾಕ್ಸಿನ್ ಎಂ-1 ಮಿತಿ ಮೀರಿದ್ದು 368ರಲ್ಲಿ. ಅಂದರೆ ಕಳ್ಳರು ಬೆರೆಸಿದ್ದಕ್ಕಿಂತ ಕೊಟ್ಟಿಗೆಯಲ್ಲಿ ಅರಿಯದೆ ಆದ ಅಲಕ್ಷ್ಯವೇ ಹೆಚ್ಚು. ಇದು ಬೇಸರದ ಸಂಗತಿ, ಸಮಾಧಾನದ ಸಂಗತಿಯೂ ಹೌದು. ಅಲಕ್ಷ್ಯವನ್ನು ನಾವೇ ತಿದ್ದಿಕೊಳ್ಳಬಹುದು.

ಇನ್ನು ಪರೀಕ್ಷಕರಿಗೂ ಕಾರ್ಯದರ್ಶಿಗಳಿಗೂ ಎರಡು ಮಾತು. ಪಟ್ಟಿಗೂ ಯಂತ್ರಕ್ಕೂ ಇರುವ ಶತ್ರು ಒಂದೇ, ತೇವ. ಪಟ್ಟಿಯ ಡಬ್ಬಿಯಲ್ಲಿ ತೇವ ಹೀರುವ ಸಣ್ಣ ಪೊಟ್ಟಣ ಇರುತ್ತದೆ. ಅದನ್ನು ಎಸೆಯಬೇಡಿ. ಒಂದು ಪಟ್ಟಿ ತೆಗೆದ ಕೂಡಲೇ ಮುಚ್ಚಳ ಬಿಗಿ ಮಾಡಿ. ಒದ್ದೆ ಕೈಯಲ್ಲಿ ಮುಟ್ಟಬೇಡಿ. ಡಬ್ಬಿಯ ಮೇಲೆ ಬರೆದಷ್ಟೇ ಶಾಖದಲ್ಲಿಡಿ, ಅವಧಿ ಮುಗಿದದ್ದನ್ನು ಬಳಸಬೇಡಿ.

ಹಾಲು ಪರೀಕ್ಷಕ ಯಂತ್ರದ ಒಳಗಿನ ವಿದ್ಯುನ್ಮಾನ ಹಲಗೆಯನ್ನು ತೇವದಿಂದ ಕಾಪಾಡಲು ಅದರ ಮೇಲೆ ತೆಳುವಾದ ಲೇಪ ಕೊಡುವ ಪದ್ಧತಿ ಇದೆ. ಅಕ್ರಿಲಿಕ್, ಸಿಲಿಕೋನ್ ಮುಂತಾದ ಲೇಪಗಳು ಕೂದಲೆಳೆಯ ದಪ್ಪದ ಆಸುಪಾಸು ಇರುತ್ತವೆ. ಪ್ಯಾರಿಲೀನ್ ಎಂಬ ಇನ್ನೊಂದು ಲೇಪದ ಮೂಲವನ್ನು 1947ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಶ್ವಾರ್ಟ್ಸ್ ಎಂಬ ರಸಾಯನ ವಿಜ್ಞಾನಿ ಕಂಡರು. 1960ರ ದಶಕದಲ್ಲಿ ಅಮೆರಿಕದ ಗೋರ್ಹಮ್ ಅದನ್ನು ಕಾರ್ಖಾನೆಯ ಬಳಕೆಗೆ ತಂದರು. ಇದನ್ನು ಬಳಿಯುವುದಿಲ್ಲ. ಆವಿಯಾಗಿ ಬಂದು ಹಲಗೆಯ ಸಂದುಗೊಂದುಗಳಲ್ಲೆಲ್ಲ ಪೊರೆಯಂತೆ ಕೂರುತ್ತದೆ. ಕೆನೆ ಹಾಲನ್ನು ಮುಚ್ಚಿದ ಹಾಗೆ ಎಂದುಕೊಳ್ಳಿ.

ಆದರೆ ತಂತಿ ಸೇರುವ ಜಾಗಗಳಿಗೆ ಲೇಪ ಹಾಕುವಂತಿಲ್ಲ, ಹಾಕಿದರೆ ವಿದ್ಯುತ್ ಹರಿಯದು. ತೇವ ನುಗ್ಗುವುದು ಅಲ್ಲಿಂದಲೇ. ನಮ್ಮ ಸಂಘದ ಕೊಠಡಿಗಳಲ್ಲಿ ಕ್ಯಾನು ತೊಳೆದ ನೀರು, ಚೆಲ್ಲಿದ ಹಾಲು, ಪಕ್ಕದ ಕೊಟ್ಟಿಗೆಯಿಂದ ಬರುವ ಅಮೋನಿಯಾ ವಾಸನೆ, ಎಲ್ಲವೂ ಇವೆ. ಅಮೋನಿಯಾ ತಾಮ್ರವನ್ನು ತಿನ್ನುತ್ತದೆ. ಆದ್ದರಿಂದ ಯಂತ್ರವನ್ನು ಎತ್ತರದ ಒಣ ಮೇಜಿನ ಮೇಲಿಡಿ. ಒದ್ದೆ ಬಟ್ಟೆ ಹೊದಿಸಬೇಡಿ. ಹಾಲು ಹೋಗುವ ಕೊಳವೆಯನ್ನು ಪ್ರತಿ ಸರದಿ ಮುಗಿದ ಮೇಲೆ ಹೇಳಿದ ದ್ರಾವಣದಿಂದ ತೊಳೆಯಿರಿ. ಕೆಟ್ಟ ಯಂತ್ರ ತೋರಿಸುವ ಅಂಕಿಯಿಂದ ಒಬ್ಬ ಬಡವನ ಹಾಲಿಗೆ ಜಿಡ್ಡು ಕಡಿಮೆ ಬಿದ್ದರೆ ಅದು ಅವನ ಮಕ್ಕಳ ಅನ್ನಕ್ಕೆ ಬಿದ್ದ ಕತ್ತರಿ.

ತೇವ ಮನೆಯಲ್ಲೂ ಶತ್ರುವೇ. ಒದ್ದೆಯಾಗಿ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ, ಹತ್ತಿಬೀಜದ ಹಿಂಡಿ, ಮುಸುಕಿನ ಜೋಳ ತಿಂದ ಹಸುವಿನ ಹಾಲಿನಲ್ಲಿ ಅಫ್ಲಾಟಾಕ್ಸಿನ್ ಇಳಿಯುತ್ತದೆ. ಇದೂ ಕಾಯಿಸಿದರೆ ಹೋಗುವುದಿಲ್ಲ. ಇದರ ಮಿತಿ ಕಿಲೋಗೆ ಅರ್ಧ ಮೈಕ್ರೋಗ್ರಾಂ, ಇದನ್ನೂ ಪಟ್ಟಿ ಹಿಡಿಯಬಲ್ಲದು. ಹಿಂಡಿ ಮೂಟೆಯನ್ನು ನೆಲಕ್ಕೆ ತಾಗಿಸದೆ ಹಲಗೆಯ ಮೇಲಿಡಿ, ಗೋಡೆಗೆ ಒರಗಿಸಬೇಡಿ. ಬೂಷ್ಟು ಬಂದದ್ದನ್ನು ಕೊಡವಿ ಹಾಕುವುದು ಬೇಡ, ತಿಪ್ಪೆಗೆ ಹಾಕಿ.

ಬಂಧುಗಳೇ, ಪಟ್ಟಿಯನ್ನೇ ನಂಬಿ ಕೂರುವುದೂ ತಪ್ಪು. ಒಂದು ಗುಂಪಿನ ಔಷಧಿಗೆಂದು ಮಾಡಿದ ಪಟ್ಟಿ ಇನ್ನೊಂದು ಗುಂಪಿನ ಔಷಧಿಯನ್ನು ಕಾಣುವುದಿಲ್ಲ. ಪೆನಿಸಿಲಿನ್ ಹಿಡಿಯುವ ಪಟ್ಟಿಗೆ ಜೆಂಟಾಮೈಸಿನ್ ಗೊತ್ತಿಲ್ಲ. ಅಲ್ಲದೆ ಪಟ್ಟಿ ಹೇಳುವುದು ಹಾಲು ಕೆಟ್ಟ ಮೇಲೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಪ್ರಯೋಜನವೇನು? ಮೊದಲೇ ಹೇಳಬಲ್ಲವರು ಇಬ್ಬರೇ, ಔಷಧಿ ಕೊಟ್ಟ ನಾವು ಮತ್ತು ಹಾಲು ಕರೆಯುವ ನೀವು. ಅದಕ್ಕಾಗಿ ಇಷ್ಟನ್ನು ರೂಢಿ ಮಾಡಿಕೊಳ್ಳಿ:

1. ರಾಸಿಗೆ ಯಾರೇ ಔಷಧಿ ಕೊಟ್ಟರೂ, "ಎಷ್ಟು ದಿನ ಹಾಲು ಹಾಕಬಾರದು?" ಎಂದು ಕೇಳಿ. ಡಾಕ್ಟರು ಅವಸರದಲ್ಲಿದ್ದರೆ ತಡೆದು ಕೇಳಿ. ಅದು ನಿಮ್ಮ ಹಕ್ಕು.

2. ದಿನವನ್ನು ಕೊನೆಯ ಟ್ಯೂಬು ಅಥವಾ ಇಂಜೆಕ್ಷನ್‌ನಿಂದ ಎಣಿಸಿ, ಮೊದಲನೆಯದರಿಂದ ಅಲ್ಲ. ಅವಧಿ ಔಷಧಿಯ ಮೇಲೆ ಅಚ್ಚಾಗಿರುತ್ತದೆ. ಪ್ರಯೋಗದಿಂದ ದೃಢಪಟ್ಟ ಅವಧಿ ಇಲ್ಲದಿದ್ದರೆ ಹಾಲಿಗೆ ಕನಿಷ್ಠ 7 ದಿನ ಎಂದು 2012ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿದೆ.

3. ಒಂದು ಮೊಲೆಗೆ ಟ್ಯೂಬು ಏರಿಸಿದರೂ ನಾಲ್ಕೂ ಮೊಲೆಗಳ ಹಾಲನ್ನು ಬೇರೆ ಮಾಡಿ. ಔಷಧಿ ರಕ್ತಕ್ಕೆ ಸೇರಿ ಉಳಿದ ಮೊಲೆಗಳಿಗೂ ಹೋಗುತ್ತದೆ. ಆ ಹಾಲನ್ನು ಕರುವಿಗೂ ಕುಡಿಸಬೇಡಿ, ಗುಂಡಿಗೆ ಚೆಲ್ಲಿ.

4. ಔಷಧಿ ಪಡೆದ ರಾಸಿನ ಹಿಂಗಾಲಿಗೆ ಕೆಂಪು ದಾರ ಕಟ್ಟಿ. ಕೊಟ್ಟಿಗೆಯ ಗೋಡೆಯ ಮೇಲೆ ಸುಣ್ಣದಲ್ಲಿ ದಿನಾಂಕ ಬರೆಯಿರಿ. ನೀವು ಊರಿಗೆ ಹೋದ ದಿನ ಹಾಲು ಕರೆಯುವವರಿಗೆ ಅದೇ ಹೇಳುತ್ತದೆ.

5. ಬಾವು ಕಣ್ಣಿಗೆ ಕಾಣುವ ಮೊದಲೇ ಹಿಡಿಯಿರಿ. 1957ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರೂಪುಗೊಂಡ ಕೆಚ್ಚಲು ಬಾವು ಪರೀಕ್ಷೆಯ ತತ್ವ ನಿಮ್ಮ ಮನೆಯಲ್ಲೇ ಇದೆ. ಅರ್ಧ ಲೀಟರ್ ನೀರಿಗೆ 15 ಗ್ರಾಂ ಬಟ್ಟೆ ಒಗೆಯುವ ಪುಡಿ ಕರಗಿಸಿ. ಪ್ರತಿ ಮೊಲೆಯ ಹಾಲನ್ನೂ ಬೇರೆ ಬೇರೆ ಬಟ್ಟಲಲ್ಲಿ ಹಿಡಿದು, ಸಮಪ್ರಮಾಣದಲ್ಲಿ ಈ ನೀರು ಬೆರೆಸಿ ಅಲ್ಲಾಡಿಸಿ. ಲೋಳೆಯಂತೆ ಗಟ್ಟಿಯಾದರೆ ಆ ಮೊಲೆಯಲ್ಲಿ ಬಾವು ಶುರುವಾಗಿದೆ, ನಮಗೆ ತಿಳಿಸಿ. ಆ ಬಟ್ಟಲುಗಳನ್ನು ಅಡಿಗೆಗೆ ಬಳಸಬೇಡಿ. ಹಾಲು ಕರೆದ ಮೇಲೆ ಅರ್ಧ ಗಂಟೆ ರಾಸು ಮಲಗದಂತೆ ಮುಂದೆ ಮೇವು ಹಾಕಿ. ಬಾವೇ ಬರದಿದ್ದರೆ ಟ್ಯೂಬೂ ಬೇಡ, ಪಟ್ಟಿಯ ಭಯವೂ ಬೇಡ.

ಸಂಘದ ಅಧ್ಯಕ್ಷರಲ್ಲಿ ನನ್ನದೊಂದು ವಿನಂತಿ. "ನಮ್ಮ ಹಸುವಿಗೆ ಟ್ಯೂಬು ಹಾಕಿಸಿದ್ದೇವೆ, ನಾಲ್ಕು ದಿನ ಹಾಲು ತರುವುದಿಲ್ಲ" ಎಂದು ಒಬ್ಬ ತಾಯಿ ತಾನಾಗಿ ಬಂದು ಹೇಳಿದರೆ ಆಕೆಯನ್ನು ಗದರಬೇಡಿ, ನಗಬೇಡಿ. ಪುಸ್ತಕದಲ್ಲಿ ಬರೆದುಕೊಂಡು, ಒಳ್ಳೆಯದು ಮಾಡಿದಿರಿ ಎನ್ನಿ. ಆಕೆ ಚೆಲ್ಲಿದ ಮೂವತ್ತು ನಲವತ್ತು ಲೀಟರ್ ಹಾಲು ಸಾವಿರಾರು ಲೀಟರನ್ನು ಉಳಿಸಿದೆ. ನಿಜ ಹೇಳಿದವರಿಗೆ ಅವಮಾನವಾಗುವ ಸಂಘದಲ್ಲಿ ಮರುಸಲ ಯಾರೂ ನಿಜ ಹೇಳುವುದಿಲ್ಲ. ಆಗ ಎಷ್ಟು ಪಟ್ಟಿ ತಂದರೂ ಸಾಲದು.

ನಾನು ಹೇಳಿದ ಆ ತಾಯಿ ಮತ್ತೆ ಸಂಘಕ್ಕೆ ಹಾಲು ಹಾಕತೊಡಗಿದರು. ಈಗಲೂ ನನ್ನನ್ನು ಕಂಡರೆ ಮೊದಲು ಕೇಳುವುದು ಒಂದೇ: "ಎಷ್ಟು ದಿನ ಚೆಲ್ಲಬೇಕು, ಡಾಕ್ಟ್ರೇ?" ನೀವೆಲ್ಲರೂ ಅದೇ ಪ್ರಶ್ನೆಯನ್ನು ನನ್ನನ್ನೂ ನನ್ನ ಸಹೋದ್ಯೋಗಿಗಳನ್ನೂ ಕೇಳಿ. ಕೇಳಿದಷ್ಟೂ ನಮಗೆ ಎಚ್ಚರ, ನಿಮಗೆ ಲಾಭ, ಹಾಲು ಕುಡಿಯುವ ಮಕ್ಕಳಿಗೆ ಕ್ಷೇಮ.