ಪ್ರತಿಧ್ವನಿಯ ಹದ

ದೇಹದೊಳಕ್ಕೆ ಕಳುಹಿಸಿದ ಶ್ರವಣಾತೀತ ಧ್ವನಿ ಆಳಕ್ಕಿಳಿದಷ್ಟೂ ಸೊರಗುತ್ತದೆ. ಮೃದು ಅಂಗಾಂಶಗಳಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 1540 ಮೀಟರು. ತಡವಾಗಿ ಮರಳಿದ ಪ್ರತಿಧ್ವನಿ ಆಳದಿಂದ ಬಂದದ್ದು. ಆದಕಾರಣ ತಡವಾದಷ್ಟೂ ಯಂತ್ರವು ಅದನ್ನು ಹೆಚ್ಚು ವರ್ಧಿಸುತ್ತದೆ.

ಈ ವರ್ಧನೆಯ ಹದ ತಪ್ಪಿದರೆ ಏನಾಗುವುದೆಂಬುದನ್ನು ನಾನು ಅರಿತದ್ದು ಒಬ್ಬ ತಾಯಿಯನ್ನು ಪರೀಕ್ಷಿಸುವಾಗ. ಆಕೆಯ ಅಂಡಾಶಯದಲ್ಲೊಂದು ಗಂಟು. ಅದರ ತುಂಬ ಬಿಳಿಯ ಚುಕ್ಕೆಗಳು. ಘನವಾದ ಗಡ್ಡೆಯೆಂದು ಬರೆಯಲು ಲೇಖನಿ ಎತ್ತಿದ್ದೆ. ಹಿರಿಯರೊಬ್ಬರು ಮಾತಾಡದೆ ಗುಂಡಿ ತಿರುಗಿಸಿ ವರ್ಧನೆಯನ್ನು ತಗ್ಗಿಸಿದರು. ಚುಕ್ಕೆಗಳಳಿದು ಕಪ್ಪು ಕೊಳವೊಂದು ಉಳಿಯಿತು. ಅತಿಯಾಗಿ ತಗ್ಗಿಸಿದರೆ ಘನವೂ ಕಪ್ಪಾಗಿ ಕಾಣಬಹುದಲ್ಲವೇ ಎಂದೆ. ಅವರು ಕೊಳದ ಹಿಂಬದಿಗೆ ಬೆರಳು ತೋರಿದರು. ಅಲ್ಲಿನ ಅಂಗಾಂಶ ಅಕ್ಕಪಕ್ಕಕ್ಕಿಂತ ಬೆಳ್ಳಗಿತ್ತು. ನೀರು ಧ್ವನಿಯನ್ನು ಅಷ್ಟಾಗಿ ಹೀರದು. ಯಂತ್ರವೋ, ಪಾಪ, ಹೀರಿದೆಯೆಂದೇ ನಂಬಿ ಇಲ್ಲದ ನಷ್ಟವನ್ನು ತುಂಬಿಕೊಡುತ್ತದೆ. ಯಂತ್ರದ ಆ ತಪ್ಪೇ ನಮಗೆ ಸಾಕ್ಷಿ. ಅದು ಬರಿಯ ನೀರಿನ ಚೀಲವಾಗಿತ್ತು.

ಗ್ಲಾಸ್ಗೋದ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು 1958ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನದಲ್ಲಿಯೂ ಘನ-ದ್ರವಗಳ ಈ ವಿವೇಚನೆ ಮುಖ್ಯವಾಗಿತ್ತು. ಇಂದಿನ ಯಂತ್ರಗಳು ಒಂದು ಗುಂಡಿಯೊತ್ತಿದರೆ ತಾವೇ ಚಿತ್ರವನ್ನು ಸಮಗೊಳಿಸುತ್ತವೆ. ಒಳ್ಳೆಯದೇ. ಆದರೂ ಕಪ್ಪು ಕೊಳ ಕಂಡಾಗಲೆಲ್ಲ ನಾನು ವರ್ಧನೆಯನ್ನು ಒಮ್ಮೆ ಏರಿಸಿ, ಒಮ್ಮೆ ಇಳಿಸಿ, ಅದರ ಹಿಂಬದಿಯನ್ನು ನೋಡುತ್ತೇನೆ.