ಸಣ್ಣ ದೋಷಗಳು

ನಮ್ಮ ದೇಶದಲ್ಲಿ ಸ್ವಂತ ಬಳಕೆಯ ಕಾರಿನ ನೋಂದಣಿಗೆ 15 ವರ್ಷಗಳ ಆಯುಸ್ಸು. ಬಳಿಕ ಅದನ್ನು ಪರೀಕ್ಷೆಗೊಡ್ಡಿ, ಯೋಗ್ಯವೆನಿಸಿದರೆ 5 ವರ್ಷಗಳ ಮಟ್ಟಿಗೆ ನವೀಕರಿಸಿಕೊಳ್ಳಬೇಕೆಂಬುದು 1988ರ ಮೋಟಾರು ವಾಹನಗಳ ಕಾಯಿದೆಯ ವಿಧಿ. ನನ್ನ ಕಾರೂ ಆ ವಯಸ್ಸನ್ನು ಮುಟ್ಟಿತು. ಪರೀಕ್ಷಕರು ಮೂರು ಸಣ್ಣ ದೋಷಗಳನ್ನು ಗುರುತಿಸಿದರು: ಹಿಂಬದಿಯ ಒಂದು ಬ್ರೇಕ್ ದೀಪ ಉರಿಯದು, ಮುಂದಿನ ಟೈರು ಒಂದೇ ಅಂಚಿನಲ್ಲಿ ಸವೆದಿದೆ, ಹ್ಯಾಂಡ್‌ಬ್ರೇಕನ್ನು ಬಹಳ ಮೇಲಕ್ಕೆಳೆಯಬೇಕಾಗಿದೆ.

'ಕವಿರಾಜಮಾರ್ಗ'ದ ಮೊದಲ ಪರಿಚ್ಛೇದ ದೋಷಾದೋಷಗಳ ವಿವೇಚನೆಗೇ ಮೀಸಲಾದದ್ದು. ಅದನ್ನು ಬಹುಕಾಲ ಪಾಠ ಹೇಳಿದ ನನಗೆ ಈ ಪಟ್ಟಿಯನ್ನೂ ಅದೇ ಶ್ರದ್ಧೆಯಿಂದ ಓದಬೇಕೆನಿಸಿತು.

ಒಂದು ದೀಪ ಮಾತ್ರ ಆರಿದ್ದರೆ ದೋಷ ಸಾಮಾನ್ಯವಾಗಿ ಬಲ್ಬಿನದು, ಇಲ್ಲವೆ ಹೋಲ್ಡರಿಗೆ ಹಿಡಿದ ತುಕ್ಕಿನದು. ಎಲ್ಲವೂ ಒಟ್ಟಿಗೆ ಆರಿದ್ದರೆ ಫ್ಯೂಸನ್ನೋ ಪೆಡಲಿನ ಬಳಿಯ ಸ್ವಿಚ್ಚನ್ನೋ ನೋಡಬೇಕು. ಟೈರು ನಡುವೆ ಸವೆದರೆ ಗಾಳಿ ಹೆಚ್ಚು. ಎರಡೂ ಅಂಚುಗಳಲ್ಲಿ ಸವೆದರೆ ಗಾಳಿ ಕಡಿಮೆ. ಒಂದೇ ಅಂಚಿನಲ್ಲಾದರೆ ಬಹುತೇಕ ಚಕ್ರಗಳ ಜೋಡಣೆಯೇ ಓರೆ. ಆ ಓರೆಯನ್ನು ಸರಿಪಡಿಸದೆ ಹೊಸ ಟೈರು ಹಾಕಿದರೆ ಅದೂ ಹಾಗೆಯೇ ಸವೆಯುತ್ತದೆ. ಹ್ಯಾಂಡ್‌ಬ್ರೇಕು ಸಡಿಲವಾದರೆ ಕೇಬಲ್ ಹಿಗ್ಗಿರಬಹುದು, ಹಿಂಚಕ್ರದ ಬ್ರೇಕ್ ಲೈನಿಂಗ್ ಸವೆದಿರಬಹುದು. ಲೈನಿಂಗನ್ನು ನೋಡದೆ ಕೇಬಲ್ಲನ್ನಷ್ಟೇ ಬಿಗಿಸುವುದು ಸಲ್ಲದು.

ಇವನ್ನು ತಿದ್ದಿಸಲು ಒಂದು ಮಧ್ಯಾಹ್ನ ಸಾಕಾಯಿತು. ಆದರೆ ಶ್ರೋತೃಗಳು ಒಂದು ಮಾತನ್ನು ಗಮನಿಸಬೇಕು. ತನ್ನ ಬ್ರೇಕ್ ದೀಪವನ್ನು ಚಾಲಕ ಕುಳಿತಲ್ಲಿಂದ ನೇರವಾಗಿ ಕಾಣಲಾರ. ರಾತ್ರಿ ಗೋಡೆಗೆ ಬೆನ್ನುಮಾಡಿ ಕಾರು ನಿಲ್ಲಿಸಿ ಬ್ರೇಕೊತ್ತಿದರೆ, ಗೋಡೆಯ ಮೇಲಿನ ಕೆಂಪು ಬೆಳಕು ಕನ್ನಡಿಯಲ್ಲಿ ಕಂಡೀತು. ಆ ದೀಪವಿರುವುದು ಹಿಂದೆ ಬರುವವರಿಗಾಗಿ; ಮಳೆಯ ಸಂಜೆ ಸ್ಕೂಟರಿನಲ್ಲಿ ಮಗುವನ್ನು ಕೂರಿಸಿಕೊಂಡು ಬರುವ ಅಪರಿಚಿತರಿಗಾಗಿ. ಅದರ ದೋಷ ಸಣ್ಣದೆನಿಸುವುದು ಕಾರಿನೊಳಗೆ ಕುಳಿತವರಿಗೆ ಮಾತ್ರ.